ಬ್ಯಾರನ್ ಪದವಿಯೂ ಮಂಗಳೂರಿನ ಎರಡು ಪುಟಗಳೂ

ಆ ಲಕೋಟೆಯನ್ನು ನಾನು ವಾಪಸು ಕಳಿಸುವುದರಲ್ಲಿದ್ದೆ. ಮಸ್ಕತ್‌ನಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲ. ಕಾಗದಗಳೆಲ್ಲ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ಬೀಳುತ್ತವೆ, ಅದನ್ನು ತೆರೆದು ಹಂಚುವುದು ಡಾಕ್ಯುಮೆಂಟ್ ಕಂಟ್ರೋಲರ್ ಆದ ನನ್ನ ಕೆಲಸ. ಅವತ್ತು ಇಂಗ್ಲೆಂಡಿನಿಂದ ಬಂದಿದ್ದ ಕೆನೆಬಣ್ಣದ ಲಕೋಟೆಯ ಮೇಲೆ ಯಾರೋ ಒಬ್ಬ ಲಾರ್ಡ್‌ನ ಹೆಸರಿತ್ತು. ನಮ್ಮದು ನೀರಿನ ಕೆಲಸದ ಇಂಜಿನಿಯರಿಂಗ್ ಆಫೀಸು. ಮಲಯಾಳಿಗಳು, ಬ್ಯಾರಿಗಳು, ಒಮಾನಿಗಳು ಎಲ್ಲ ಇದ್ದರು, ಲಾರ್ಡ್ ಮಾತ್ರ ಇರಲಿಲ್ಲ. ಇಂಗ್ಲಿಷರು ಅಂತ ಇದ್ದವರು ಒಬ್ಬರೇ. ಕೇಳಿ ನೋಡೋಣ ಅಂತ ಅವರ ಮೇಜಿಗೆ ಒಯ್ದೆ.

ಅವರು ವಿಳಾಸ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ನನಗೇ. ಅಂದರೆ ನನ್ನ ಅಣ್ಣ ತೀರಿಹೋದ" ಅಂದರು.

ಒಡಹುಟ್ಟಿದ ಅಣ್ಣನಲ್ಲ, ಅಜ್ಜನ ಅಣ್ಣನ ಮೊಮ್ಮಗ. ಆತ ಒಂದು ಹಳೆಯ ಮನೆತನದ ಒಂಬತ್ತನೆಯ ಬ್ಯಾರನ್, ಅಂದರೆ ವಂಶದ ಗಂಡಸರಿಗೆ ಇಳಿದು ಬರುವ ಲಾರ್ಡ್ ಪದವಿಯವನು. ಗಂಡುಮಕ್ಕಳಿರಲಿಲ್ಲ. ಆ ಪದವಿ ಇನ್ನು ಇವರದೆಂದು ತಿಳಿದು ಆತನ ಹೆಂಡತಿ ಆ ಗೌರವದಲ್ಲೇ ಪತ್ರ ಬರೆದಿದ್ದಳು.

ಸಾಹೇಬರಿಗೆ ಆಗ ಎಪ್ಪತ್ತು ದಾಟಿತ್ತು. ಬೆಟ್ಟದ ಬುಡದಿಂದ ಹಳ್ಳಿಗೆ ನೀರು ತರುವ ಹಳೆಯ ಕಾಲುವೆಗಳಿಗೆ ಇಲ್ಲಿ ಫಲಜ್ ಅನ್ನುತ್ತಾರೆ. ಅವುಗಳ ದುರಸ್ತಿಯಲ್ಲೇ ಅವರ ಅರ್ಧ ಆಯುಸ್ಸು ಕಳೆದಿತ್ತು. ಪ್ಯಾಂಟ್ ಮಡಚಿ ಸುರಂಗದೊಳಗೆ ತಾವೇ ಮೊದಲು ಇಳಿಯುವವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹತ್ತು ವರ್ಷ ಜೊತೆಗೆ ಕೆಲಸ ಮಾಡಿದರೂ ಇಂಥ ಮನೆತನದವರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಶುಕ್ರವಾರ ನನ್ನನ್ನು ಮದೀನತ್ ಸುಲ್ತಾನ್ ಖಾಬೂಸ್‌ನ ತಮ್ಮ ಮನೆಗೆ ಕರೆದರು. ನನ್ನ ಮಗಳೂ ಹಟ ಮಾಡಿ ಹೊರಟಳು. ವಾದಿ ಕಬೀರ್‌ನ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು, ಲಾರ್ಡ್ ಅಂದರೆ ಹೇಗಿರುತ್ತಾರೆ ನೋಡಬೇಕಿತ್ತು ಅವಳಿಗೆ. ಅವರು ಅಡುಗೆಮನೆಯಲ್ಲಿ ತಾವೇ ಚಹಾ ಸೋಸುತ್ತಿದ್ದುದನ್ನು ಕಂಡು ಅವಳ ಮುಖ ಸ್ವಲ್ಪ ಸಪ್ಪಗಾಯಿತು.

ಊಟದ ಮೇಜಿನ ಮೇಲೆ ಅವರು ವಂಶವೃಕ್ಷದ ಹಾಳೆ ಹರಡಿದರು. ಮೊದಲನೆಯ ಬ್ಯಾರನ್ ಒಬ್ಬ ವಕೀಲ. ರಾಜನ ಎದುರು ನಿಂತು ‘ಇದಕ್ಕೆ ಕಾನೂನಿನಲ್ಲಿ ಜಾಗವಿಲ್ಲ’ ಅಂದು ಸೆರೆಮನೆ ಸೇರಿದವನು. ಮುಂದೆ ಬಂದ ರಾಜ ಅವನನ್ನು ಬಿಡಿಸಿ ಪದವಿ ಕೊಟ್ಟ. ಮೂರನೆಯವನು ಹಡಗುಪಡೆಯಲ್ಲಿ ಹೆಸರು ಮಾಡಿ ಅದಕ್ಕಿಂತ ಮೇಲಿನ ವೈಕೌಂಟ್ ಪದವಿಯನ್ನೂ ಪಡೆದ. ಅದು ಅವನ ಸ್ವಂತ ಗಂಡುಸಂತಾನಕ್ಕೆ ಮಾತ್ರ ಅಂತ ರಾಜಪತ್ರದಲ್ಲಿ ಬರೆದಿತ್ತು. ಒಬ್ಬನೇ ಮಗ ಅಪ್ಪನಿಗಿಂತ ಮೊದಲೇ ಸಮುದ್ರದಲ್ಲಿ ಸತ್ತುಹೋದ. ದೊಡ್ಡ ಪದವಿ ಅಪ್ಪನ ಜೊತೆಗೇ ಮಣ್ಣಾಯಿತು. ಹಳೆಯ ಚಿಕ್ಕ ಪದವಿ ಮಾತ್ರ ತಮ್ಮನ ಮನೆಗೆ ಹೋಗಿ ಉಳಿಯಿತು. ಐದನೆಯವನು ಕಾಲರಾ ಬಂದ ವರ್ಷ ಊರಿನವರಿಗೆಲ್ಲ ತನ್ನ ಅಂಗಳದ ಬಾವಿಯನ್ನು ಬಿಟ್ಟುಕೊಟ್ಟವನು. ಅವನ ಬಗ್ಗೆ ಹೇಳುವಾಗ ಸಾಹೇಬರ ದನಿ ಬೇರೆಯಾಯಿತು. ನೀರಿನವರಲ್ಲವೇ.

"ಈಗ ಸತ್ತವರಿಗೆ ಹೆಣ್ಣುಮಕ್ಕಳಿಲ್ವಾ?" ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ಮೂವರಿದ್ದಾರೆ. ದೊಡ್ಡವಳು ಮನೆತನದ ಎಸ್ಟೇಟನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದಾಳೆ. ಪದವಿ ಅವಳಿಗೆ ಬರುವುದಿಲ್ಲ."

"ದಟ್ಸ್ ನಾಟ್ ಫೇರ್, ಅಂಕಲ್."

"ಖಂಡಿತ ಅಲ್ಲ" ಅಂದರು ಅವರು.

ನಾನು ನಮ್ಮ ಕಡೆಯ ಅಳಿಯಕಟ್ಟು ವಿವರಿಸಿದೆ. ಬಂಟರಾದ ನಮ್ಮಲ್ಲಿ ಊರಿಗೆ ದೊಡ್ಡದಾದ ಗುತ್ತಿನ ಮನೆಯ ಗಡಿ, ಅಂದರೆ ಯಜಮಾನಿಕೆಯ ಪಟ್ಟ, ಮಾವನಿಂದ ಅವನ ಅಕ್ಕತಂಗಿಯರ ಮಗನಿಗೆ ಬರುವುದು. ಮನೆತನ ನಡೆಯುವುದು ಹೆಣ್ಣಿನ ಬಳಿಯಲ್ಲಿ, ಅಂದರೆ ತಾಯಿಯ ಕಡೆಯ ಗೋತ್ರದಲ್ಲಿ. ಸಾಹೇಬರು ಪೆನ್ಸಿಲ್ ತೆಗೆದು, ಆ ಲೆಕ್ಕದಲ್ಲಿ ತಮ್ಮ ಮನೆತನದ ಪದವಿ ಯಾರ ಯಾರಿಗೆ ಹೋಗುತ್ತಿತ್ತು ಅಂತ ಹಾಳೆಯ ಅಂಚಿನಲ್ಲಿ ಬರೆದು ನೋಡಿದರು. ಪದವಿ ಎರಡನೆಯ ತಲೆಮಾರಿಗೇ ಒಬ್ಬ ಪಾದ್ರಿಯ ಪಾಲಾಯಿತು. ಮೂವರೂ ನಕ್ಕೆವು.

ಆಮೇಲೆ ಕರೆದ ಕಾರಣ ಹೇಳಿದರು. ಪದವಿ ಅಧಿಕೃತವಾಗಬೇಕಾದರೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಜನನ, ಮದುವೆಯ ದಾಖಲೆ ಒದಗಿಸಬೇಕು. ಅಜ್ಜನ ಮದುವೆಯದು ಮಾತ್ರ ಇಲ್ಲ. ಅಜ್ಜ ಎಲ್ಲಿದ್ದರು ಅಂತ ಕೇಳಿದೆ.

"ನಿಮ್ಮ ಊರಿನಲ್ಲೇ. ಮಂಗಳೂರಿನಲ್ಲಿ ಕಾಫಿ ಸಂಸ್ಕರಿಸುವ ಕಾರ್ಖಾನೆಯ ಮ್ಯಾನೇಜರ್. ಅಜ್ಜಿ ಅಲ್ಲಿಯವಳು, ನೇಯ್ಗೆಯವನೊಬ್ಬನ ಮಗಳು. ಅವಳನ್ನು ಅಜ್ಜ ಮದುವೆಯೇ ಆಗಿರಲಿಲ್ಲ ಅಂತ ನಮ್ಮ ಕುಟುಂಬದಲ್ಲಿ ಪಿಸುಮಾತಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಊಟಕ್ಕೆ ಕರೆದರೂ ಅವಳ ಜೊತೆ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನನಗೆ ನೆನಪಿದೆ, ಗಿಡ್ಡ ಹೆಂಗಸು. ನನ್ನನ್ನು ಏನೋ ಒಂದು ಹೆಸರಿಟ್ಟು ಕರೆಯುತ್ತಿದ್ದಳು. ಮಗಾ, ಮಗಾ ಅಂತ. ಅದು ಯಾರ ಹೆಸರೋ ಗೊತ್ತಿಲ್ಲ."

"ಅದು ಹೆಸರಲ್ಲ ಸರ್, ಮಗ ಅಂತ ಅರ್ಥ. ಪ್ರೀತಿಗೆ ಹಾಗೆ ಕರೆಯುತ್ತಾರೆ" ಅಂದೆ.

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮಗಳು ನನ್ನ ಕೈ ಹಿಡಿದುಕೊಂಡಳು.

ಮಂಗಳೂರಿನಲ್ಲಿ ನನ್ನ ಅಕ್ಕ ಇದ್ದಾಳೆ, ರಿಟೈರ್ ಆದ ಹೈಸ್ಕೂಲ್ ಟೀಚರ್. ಒಂದು ಕೆಲಸ ಹೇಳಿದರೆ ಮುಗಿಸುವ ತನಕ ಬಿಡುವವಳಲ್ಲ. ಸಾಹೇಬರ ಒಪ್ಪಿಗೆ ಪತ್ರ ಹಿಡಿದುಕೊಂಡು ನಾಲ್ಕು ಇಗರ್ಜಿ, ಅಂದರೆ ಚರ್ಚು, ಸುತ್ತಿದಳು. ಐದನೆಯದರಲ್ಲಿ ಹಳೆಯ ರಿಜಿಸ್ಟರ್ ಸಿಕ್ಕಿತು. ಸಂಜೆ ಫೋನ್ ಬಂತು.

"ಸಿಕ್ಕಿತು ಮಾರಾಯ! ನಿನ್ನ ದೊರೆಯ ಅಜ್ಜ ಅಜ್ಜಿಗೆ ಚಂದ ಮಾಡಿ ಮದುವೆ ಆಗಿದೆ. ಸಾಕ್ಷಿ ಹಾಕಿದವರ ಸಹಿಯೂ ಉಂಟು."

ನಾನು ಖುಷಿಯಲ್ಲಿ ಏನೋ ಹೇಳಲು ಹೊರಟೆ, ಅವಳು ತಡೆದಳು.

"ನಿಲ್ಲು, ಇನ್ನೊಂದುಂಟು. ಮದುವೆಯಾಗಿ ಒಂದು ವಾರಕ್ಕೆ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಅವರದೇ ಮಗು ಉಂಟು. ಆಗ ಅದಕ್ಕೆ ನಾಲ್ಕು ತಿಂಗಳು. ಹೆಸರು ನಿನ್ನ ದೊರೆಯ ಅಪ್ಪನದ್ದೇ."

ಸಾಹೇಬರು ತಮ್ಮ ಅಪ್ಪನ ಹುಟ್ಟಿಗೆ ದಾಖಲೆಯಾಗಿ ಇಟ್ಟುಕೊಂಡಿದ್ದ ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ ಇದಕ್ಕಿಂತ ಒಂದು ವರ್ಷ ಮುಂದಕ್ಕಿತ್ತು. ಯಾಕೆ ಅಂತ ಈಗ ಗೊತ್ತಾಯಿತು. ಸಾಹೇಬರೇ ಹೇಳಿದ್ದರು: ಮದುವೆಗೆ ಮೊದಲು ಹುಟ್ಟಿದ ಮಗುವಿಗೆ ಆಮೇಲೆ ತಂದೆತಾಯಿ ಮದುವೆಯಾದರೂ ಅಲ್ಲಿನ ಕಾನೂನಿನಲ್ಲಿ ಪದವಿ ಬರುವುದಿಲ್ಲ. ಮಗುವಿಗಿಲ್ಲ ಅಂದಮೇಲೆ ಮಗುವಿನ ಮಗನಿಗೂ ಇಲ್ಲ.

"ಎರಡೂ ಪುಟ ಕಳಿಸ್ಲಾ, ಮದುವೆಯದ್ದು ಮಾತ್ರ ಸಾಕಾ?" ಅಕ್ಕ ಮೆಲ್ಲಗೆ ಕೇಳಿದಳು. ಅವಳ ಮನಸ್ಸು ಎಲ್ಲಿದೆ ಅಂತ ಕೇಳಿದ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ನನ್ನದೂ ಅಲ್ಲೇ ಇತ್ತು. ಎರಡನ್ನೂ ಕಳಿಸು ಅಂದೆ, ಆದರೆ ಮರುದಿನ ಆಫೀಸಿಗೆ ಮದುವೆಯದೊಂದನ್ನೇ ಪ್ರಿಂಟ್ ಮಾಡಿ ಒಯ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಕಾಗದ ಕಾಪಾಡಿದವನು ನಾನು.

ಸಾಹೇಬರು ಅಜ್ಜಿಯ ಸಹಿಯ ಮೇಲೆ ಬೆರಳಿಟ್ಟು ನೋಡಿದರು. ಕನ್ನಡದಲ್ಲಿ ಹಾಕಿದ ಸಹಿ. ಓದಿಸಿ ಕೇಳಿದರು, ಮತ್ತೊಮ್ಮೆ ಓದಿಸಿದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮೊಬೈಲ್ ತೆಗೆದು ಎರಡನೆಯ ಪುಟ ತೋರಿಸಿದೆ.

"ಸರ್, ಇದನ್ನು ಅಲ್ಲಿಯವರು ಕೇಳಿಲ್ಲ. ನಾವು ಕೊಡದಿದ್ದರೆ ಯಾರಿಗೂ ತಿಳಿಯುವುದಿಲ್ಲ."

"ನನಗೆ ತಿಳಿಯಿತಲ್ಲ" ಅಂದರು. ಕೋಪವಿರಲಿಲ್ಲ. "ನನ್ನ ಅಜ್ಜಿಯನ್ನು ಅರವತ್ತು ವರ್ಷ ಸುಳ್ಳಿನಲ್ಲಿ ಕೂರಿಸಿದ ಮನೆ ಅದು. ಅವಳ ನಿಜವನ್ನೇ ಅರ್ಧ ಬಚ್ಚಿಟ್ಟು ಅದೇ ಮನೆಯ ಯಜಮಾನ ಆಗಲೇ? ಎರಡು ಪುಟಕ್ಕೂ ದಾಖಲೆ ನಂಬರ್ ಹಾಕಿ. ಒಂದೇ ಕವರಿನಲ್ಲಿ ಹೋಗಲಿ."

ಹೋಯಿತು. ಎರಡು ತಿಂಗಳ ಮೇಲೆ ವಕೀಲರ ಉತ್ತರ ಬಂತು, ನಿರೀಕ್ಷಿಸಿದ್ದೇ. ಪದವಿ ಸಾಹೇಬರ ಅಜ್ಜನ ತಮ್ಮನ ಕವಲಿಗೆ, ಉತ್ತರ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರಿಗೆ ಸೇರುತ್ತದೆ. ಸಾಹೇಬರು ಅವತ್ತೇ ಆ ಮೇಷ್ಟ್ರಿಗೆ ಫೋನ್ ಮಾಡಿ ಅಭಿನಂದಿಸಿದರು. ಆ ಬಡಪಾಯಿ ಇದು ಯಾರದೋ ಕೀಟಲೆ ಅಂದುಕೊಂಡು ಫೋನ್ ಇಟ್ಟುಬಿಟ್ಟನಂತೆ. ಮತ್ತೆ ಮಾಡಬೇಕಾಯಿತು.

ಆ ವರ್ಷ ನನ್ನ ರಜೆಗೆ ಸಾಹೇಬರೂ ಜೊತೆಗೆ ಮಂಗಳೂರಿಗೆ ಬಂದರು. ಅಕ್ಕ ಅವರನ್ನು ಇಗರ್ಜಿಗೆ ಕರೆದೊಯ್ದಳು. ರಿಜಿಸ್ಟರಿನಲ್ಲಿ ಅಜ್ಜಿಯ ಸಹಿಯನ್ನು ಅವರು ತಾವೇ ಹುಡುಕಿ ತೋರಿಸಿದರು. ಮನೆಗೆ ಬಂದು ನೀರುದೋಸೆ ತಿಂದರು, ಐದು. ಅಕ್ಕ ಇಂಗ್ಲಿಷಿನಲ್ಲೇ ಅವರಿಗೆ ಪಾಠ ಮಾಡಿದಳು, ಇಷ್ಟು ತೆಳ್ಳಗಾಗಿದ್ದೀರಿ, ಆರೋಗ್ಯ ನೋಡಿಕೊಳ್ಳುವುದಲ್ವಾ ಅಂತ. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಚಳಿಗಾಲದಲ್ಲಿ ಹೊಸ ಲಾರ್ಡ್ ಆದ ಆ ಮೇಷ್ಟ್ರು ಸಾಹೇಬರನ್ನು ಕಾಣಲು ಮಸ್ಕತ್‌ಗೆ ಬಂದರು. ಏರ್‌ಪೋರ್ಟಿಗೆ ನಾನೇ ಹೋಗಿದ್ದೆ. ಹೆಗಲಿಗೊಂದು ಚೀಲ, ಕೈಯಲ್ಲಿ ಮಡಚಿದ ಕೋಟು. ನಾನು ಹಿಂದಿನ ಬಾಗಿಲು ತೆರೆದರೆ ಅವರು ಮುಂದೆ ನನ್ನ ಪಕ್ಕ ಬಂದು ಕೂತರು.

"ನಿಮ್ಮ ಅಕ್ಕ ಐದು ಚರ್ಚು ಸುತ್ತಿದರಂತೆ. ನಾನು ಈ ಮನೆತನದ ಬಗ್ಗೆ ಒಂದು ಪುಸ್ತಕವನ್ನೂ ತೆರೆದು ನೋಡಿದವನಲ್ಲ. ನನಗೆ ಇದು ಸಲ್ಲುತ್ತದಾ?" ಅಂತ ಕೇಳಿದರು.

ಸಾಹೇಬರನ್ನು ಕೇಳಿ ಅಂದೆ.

ಅವರು ಕೇಳಿದರಂತೆ. ಸಾಹೇಬರ ಉತ್ತರ ಮೂರು ದಿನ ನಡೆಯಿತು. ಮೊದಲ ದಿನ ವಕೀಲ ಬ್ಯಾರನ್ನನ ಕಥೆ, ಎರಡನೆಯ ದಿನ ಹಡಗಿನವನದು. ಮೂರನೆಯ ದಿನ ಇಬ್ಬರನ್ನೂ ಕೂರಿಸಿಕೊಂಡು ನಾನು ನಿಜ್ವಾ ದಾರಿಯ ಒಂದು ಹಳ್ಳಿಗೆ ಕಾರು ಓಡಿಸಿದೆ. ಅಲ್ಲಿ ಖರ್ಜೂರದ ತೋಟದ ನಡುವೆ ಸಾಹೇಬರು ರಿಪೇರಿ ಮಾಡಿಸಿದ ಫಲಜ್ ಹರಿಯುತ್ತದೆ. ಇಬ್ಬರೂ ಬೂಟು ಬಿಚ್ಚಿ ಕಾಲು ಇಳಿಬಿಟ್ಟು ಕೂತರು. ಸಾಹೇಬರು ಐದನೆಯ ಬ್ಯಾರನ್ನನ ಬಾವಿಯ ಕಥೆ ಶುರುಮಾಡಿದರು, ಮೇಷ್ಟ್ರು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದರು. ನಾನು ಹಳ್ಳಿಯ ಮುದುಕರೊಬ್ಬರು ತಂದ ಕಹ್ವಾ ಕಾಫಿಯನ್ನು ಮೂರು ಬಟ್ಟಲಿಗೆ ಬಗ್ಗಿಸಿದೆ.