ಗೋಡೆ ಕಡೆಯ ಸೂರ್ಯ

ಪ್ಯಾರಿಸ್ಸಿನ ಸಿರಿವಂತರು ತಲೆಯೆತ್ತಿ ನೋಡುವ ಆಕಾಶವನ್ನು ಝೆಲಿ ಮೊರಿಸೋ ಬಗ್ಗಿ ನೋಡಿಯೇ ಬದುಕಿದವಳು. ಮಹಲುಗಳ ಸೀಲಿಂಗಿನ ಚಿತ್ರವನ್ನು ಏಣಿ ಹತ್ತಿ ಬರೆಯುತ್ತಾರೆಂದುಕೊಂಡಿರಾ? ಎಲ್ಲಿ ಬಂತು! ಕ್ಯಾನ್ವಾಸನ್ನು ಬಾರ್ಬೋ ಯಜಮಾನನ ಕಾರ್ಖಾನೆಯ ನೆಲಕ್ಕೆ ಹಾಸಿ, ಉದ್ದ ಕೋಲಿನ ಕುಂಚ ಹಿಡಿದು, ಬರೀ ಕಾಲುಚೀಲದಲ್ಲಿ ಅದರ ಮೇಲೇ ಓಡಾಡುತ್ತ ಬರೆಯುವುದು. ಆಮೇಲೆ ಅಂಟಿನವರು ಒಯ್ದು ಮೇಲಕ್ಕೆ ಮೆತ್ತುತ್ತಾರೆ. ದೇವತೆಗಳು, ಹೂಮಾಲೆಗಳು ಗಂಡಸರ ಪಾಲು. ಝೆಲಿಗೆ ಮೋಡ, ಬಿಸಿಲು. ಮದುವೆಯ ಯೋಚನೆಗೂ ಬಿಡುವಾಗದೆ ಅವಳ ಹರೆಯವೆಲ್ಲ ಮೋಡದ ಮೇಲೆ ನಡೆದೇ ಕಳೆಯಿತು.

ಬರೆದ ಸೂರ್ಯ ಕೋಣೆಯ ಕಿಟಕಿ ಕಡೆಗೇ ಇರಬೇಕು, ಅದು ಕಸುಬಿನ ಕಟ್ಟಳೆ. ಅದಕ್ಕೇ ಕಿಟಕಿಯ ಅಂಚು ಯಾವುದೆಂದು ಝೆಲಿ ಕ್ಯಾನ್ವಾಸಿನ ಬೆನ್ನಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದಳು. ಮದಾಂ ದುವೆರ್ಜೆಯ ಮಲಗುವ ಕೋಣೆಗೆ ಬರೆದಷ್ಟು ಚೆಂದದ ಮೋಡ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಆ ಗುಂಗಿನಲ್ಲೇ ಗುರುತು ಹಾಕಲು ಕ್ಯಾನ್ವಾಸನ್ನು ಮಗುಚಿದಳು. ಮಗುಚಿದಾಗ ಎಡ ಬಲವಾಗುತ್ತದೆಂಬುದೇ ಮರೆತುಹೋಗಿ, ಗುರುತು ಎದುರಿನ ಅಂಚಿಗೆ ಬಿತ್ತು. ಚಿತ್ರವನ್ನು ಸೀಲಿಂಗಿಗೆ ಮೆತ್ತಿ, ಸೀಸದ ಅಂಟು ಒಣಗಿ ಕಲ್ಲಾದ ಮೇಲೆ, ಸೂರ್ಯ ಕಿಟಕಿಯ ಎದುರಿನ ಗೋಡೆ ಕಡೆಗಿರುವ ವಿಷಯ ಹೊರಬಂತು.

ಯಜಮಾನ ಕೆಂಡವಾದ. "ಕನಸು ಕಾಣೋದಕ್ಕೆ ಕೂಲಿ ಕೊಡ್ತೀನೇನೆ ನಾನು? ಗೋಡೆಯೊಳಗಿಂದ ಸೂರ್ಯನ್ನ ಎಬ್ಬಿಸಿದೀಯಲ್ಲ! ಹೋಗು, ಆಯಮ್ಮನ ಕಾಲು ಹಿಡಿ. ಬೇಡ ಅಂದ್ರೆ ಅದನ್ನ ಕೆರೆದು ಸುಣ್ಣ ಬಳಿಯೋದೇ, ನೀನು ಮನೆಗೆ ನಡೆಯೋದೇ!"

ಕೆಲಸ ಹೋದರೆ ಹೋಗಲಿ, ಆ ಮೋಡಗಳನ್ನು ಕೆರೆಯುತ್ತಾರಲ್ಲ ಎಂದು ಝೆಲಿಯ ಕರುಳು ಕಿತ್ತು ಬಂತು. ಮಧ್ಯಾಹ್ನ ಕಳೆದ ಹೊತ್ತಿಗೆ ಆ ಮನೆಗೆ ಹೋದಳು. ಕಾಲು ಸೋತು ಹಾಸಿಗೆ ಹಿಡಿದಿದ್ದ ಮುದುಕಿ ಮದಾಂ ಅವರ ಕಣ್ಣು ಮಾತ್ರ ಚುರುಕು.

"ತಪ್ಪಾಯ್ತು ಮದಾಂ. ಸೂರ್ಯ ಆ ಕಡೆ ಇರಬೇಕಿತ್ತು."

"ನೀನೇನಾ ಬರೆದವಳು? ನಿಂತ್ಕೊಂಡು ಏನು ಕಾಣುತ್ತೆ? ಬಾ, ಪಕ್ಕದಲ್ಲಿ ಮಲಕ್ಕೋ."

"ಅಯ್ಯೋ, ನನ್ನ ಲಂಗ ಎಲ್ಲಾ ಬಣ್ಣ..."

"ಇರ್ಲಿ ಬಾರೇ, ನಾನೇನು ನಾಟ್ಯಕ್ಕೆ ಹೊರಟಿದೀನಾ!"

ಝೆಲಿ ಅಂಜುತ್ತಲೇ ಮಲಗಿದಳು. ತಾನು ಬರೆದ ಆಕಾಶದ ಅಡಿಯಲ್ಲಿ ಅವಳು ಮಲಗಿದ್ದು ಅದೇ ಮೊದಲು. ತುಳಿದು ಓಡಾಡಿದ ಮೋಡಗಳೆಲ್ಲ ಮೇಲೆ ಮೆಲ್ಲಗೆ ತೇಲುತ್ತಿದ್ದವು. ಹಾಸಿಗೆಯೂ ತೇಲಿದಂತಾಯಿತು. ಅವಳ ಕಣ್ಣು ತುಂಬಿ ಬಂತು.

"ನನ್ನ ಕಿಟಕಿ ಪೂರ್ವಕ್ಕೆ," ಅಂದರು ಮದಾಂ. "ಬೆಳಗ್ಗೆ ಬಿಸಿಲು ಬರುತ್ತೆ, ಮಧ್ಯಾಹ್ನದ ಮೇಲೆ ಎಲ್ಲಾ ಮಬ್ಬು. ಹಾಸಿಗೆ ಹಿಡಿದಾಗಿಂದ ಸಂಜೆ ಬಿಸಿಲು ಅನ್ನೋದನ್ನೇ ಕಂಡಿಲ್ಲ ಕಣೆ. ಈಗ ನೋಡು, ಪಡುವಣ ಗೋಡೆ ಕಡೆ ನಿನ್ನ ಸೂರ್ಯ ಹೇಗೆ ಹೊಳೀತಿದೆ! ಅದನ್ನ ಯಾರಾದ್ರೂ ಮುಟ್ಟಲಿ, ನೋಡ್ಕೋತೀನಿ."

ಝೆಲಿ ಕಣ್ಣೊರೆಸಿಕೊಂಡು ಏಳಹೋದಳು. ಮುದುಕಿ ಅವಳ ಕೈ ಹಿಡಿದು ಎಳೆದರು.

"ಎಲ್ಲಿಗೆ ಹೊರಟೆ? ಸೂರ್ಯ ಮುಳುಗೋ ತನಕ ಇದ್ದು ಹೋಗು."