ಕಾರ್ಬೊರೇಟರಿಗೆ ಕಿವಿಗೊಟ್ಟ ರವಿವಾರಗಳು

ಆ ಕಾರನ್ನು ನಾವಿಬ್ಬರು ಸೇರಿ ಕೊಂಡಿದ್ದೆವು. ನಾನು ಕಾರವಾರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಗೆಳತಿ ಅಲ್ಲೇ ಹಿಂದಿ ಕಲಿಸುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಚಿತ್ತಾಕುಲದ ಒಂದೇ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷ ಇದ್ದೆವು. ಗೋವೆಯ ಮುದುಕರೊಬ್ಬರು ಮಾರಿದ ಕಾರು ಅದು, ನಮಗಿಂತ ಹಳೆಯದು. ಸಂಜೆ ಕಾಳಿ ನದಿಯ ಗುಂಟ ಹಣಕೋಣದವರೆಗೆ ಹೋಗಿ ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಅವಳು ಮಾತಾಡುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಅವಳಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಮದುವೆ ಕೂಡಿಬಂತು. ಧಾರವಾಡಕ್ಕೆ ವರ್ಗ ಮಾಡಿಸಿಕೊಂಡಳು. ಹೊರಡುವ ದಿನ, "ಕಾರು ನಿಂಗೇ ಇರ್ಲಿ ಮಾರಾಯ್ತಿ," ಅಂದಳು. ಬಸ್ಸು ತಿರುಗುವವರೆಗೂ ಕೈಬೀಸಿದೆ.

ಎರಡು ತಿಂಗಳು ಕಾರು ಮುಟ್ಟಲಿಲ್ಲ. ಆಮೇಲೆ ಹೊರತೆಗೆದರೆ ನಿಂತಲ್ಲಿ ಎಂಜಿನ್ ಓಡದು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಡುಗಿ ಆರಿಹೋಗುತ್ತಿತ್ತು. ಹಳೇ ಕಾರು ಬಲ್ಲವರು ಅಂಕೋಲೆಯಲ್ಲಿ ಒಬ್ಬರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಒಂದು ರವಿವಾರ ಹೇಗೋ ಅಲ್ಲಿಗೆ ಮುಟ್ಟಿಸಿದೆ.

ಮಿಸ್ತ್ರಿಗೆ ಅರವತ್ತರ ಮೇಲಾಗಿತ್ತು. ಮೀನುಗಾರಿಕೆ ಬೋಟಿನ ಡೀಸೆಲ್ ಎಂಜಿನ್‌ಗಳ ಪಕ್ಕ ಇಪ್ಪತ್ತು ವರ್ಷ ಕಳೆದು ಕಿವಿ ಮಂದವಾಗಿತ್ತು. ಹತ್ತಿರ ಹೋಗಿ ಗಟ್ಟಿಯಾಗಿ ಹೇಳಬೇಕಿತ್ತು. ಅವರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಒಳಗಿನ ಚಿಕ್ಕ ಸರಳನ್ನು ಅಲ್ಲಾಡಿಸಿ ತೋರಿಸಿದರು. ಅದು ಕೂರುವ ತೂತು ಸವೆದು ಅಗಲವಾಗಿತ್ತು.

"ಇಲ್ಲಿಂದ ಕಳ್ಳಗಾಳಿ ಒಳಗೆ ಹೋಗ್ತದೆ ಅಕ್ಕೋರೇ. ಪೆಟ್ರೋಲು, ಗಾಳಿ ಲೆಕ್ಕ ತಪ್ತದೆ. ಇದ್ಕೇ ಹೊಸ ಬುಷ್, ಹಿತ್ತಾಳೆ ಬಳೆ, ಹಾಕಿ ಕೊಡ್ತೆ."

ನನಗೆ ಅದು ಬೇಡವಾಗಿತ್ತು. ದೀಪಾವಳಿಗೆ ಬರುತ್ತೇನೆಂದು ಗೆಳತಿ ಫೋನ್ ಮಾಡಿದ್ದಳು. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ದೊಡ್ಡ ಕಾರಿನ, ಎರಡು ಬಾಯಿಯ ಕಾರ್ಬೊರೇಟರ್ ಇದೆಯೆಂದು ಕೇಳಿದ್ದೆ. ಅದನ್ನು ಹಾಕಿದರೆ ಕಾರು ಘಟ್ಟವನ್ನು ಹಾರಿ ಏರುತ್ತದೆ, ಅವಳು ಬೆರಗಾಗುತ್ತಾಳೆ ಎಂದು ಕಲ್ಪಿಸಿಕೊಂಡಿದ್ದೆ.

"ಸಣ್ಣ ಎಂಜಿನ್‌ಗೆ ಅಷ್ಟು ದೊಡ್ಡ ಬಾಯಿ ಎಂತಕ್ಕೆ? ಉಸಿರು ಎಳೂಕೆ ಆಗೂದಿಲ್ಲ ಅದ್ಕೆ," ಅಂದರು ಮಿಸ್ತ್ರಿ. ನಾನು ಕೇಳಲಿಲ್ಲ. ಕಾರನ್ನು ಅಲ್ಲೇ ಬಿಟ್ಟು ಅದನ್ನು ತರಿಸಿದೆ. ಅವರು ಮುಖ ಗಂಟಿಕ್ಕಿಕೊಂಡೇ ಜೋಡಿಸಿಕೊಟ್ಟರು.

ವಾಪಸು ಬರುವಾಗ ಬಿಣಗಾ ಘಟ್ಟದಲ್ಲಿ ಅದು ಕರೀ ಹೊಗೆ ಕಾರಿ ನಿಂತುಬಿಟ್ಟಿತು. ಲಾರಿಗಳು ಹಾರ್ನ್ ಹೊಡೆದು ದಾಟಿಹೋದವು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ ಮೆತ್ತಿತ್ತು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಸೀರೆಯ ಸೆರಗಿನಿಂದಲೇ ಅದನ್ನು ಒರೆಸಿದೆ. ಅಳು ಬಂತು. ಕಾರಿಗಾಗಿ ಅಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

ಮುಂದಿನ ರವಿವಾರ ಕಾರನ್ನು ಮತ್ತೆ ಅಂಕೋಲೆಗೆ ಒಯ್ದು, ಹಳೇ ಕಾರ್ಬೊರೇಟರನ್ನೇ ಮುಂದಿಟ್ಟೆ. ಮಿಸ್ತ್ರಿ ಬೈಯಲಿಲ್ಲ. ಬುಷ್ ಕೂರಿಸಿ, ಪೆಟ್ರೋಲು ಬಿಡುವ ಜೆಟ್ಟಿನ ಸಣ್ಣ ತೂತು ತೊಳೆದು ಊದಿ, ಮತ್ತೆ ಜೋಡಿಸಿದರು. ಎಂಜಿನ್ ಬಿಸಿಯಾಗುವವರೆಗೆ ಕಾದು, ಪೆಟ್ರೋಲು-ಗಾಳಿಯ ಲೆಕ್ಕ ಸರಿಮಾಡುವ ಸ್ಕ್ರೂಗೆ ಸ್ಕ್ರೂಡ್ರೈವರ್ ಹಿಡಿದರು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತು, ನನ್ನ ಕಡೆ ನೋಡಿದರು.

"ನಂಗೆ ಈಗ ಸಣ್ಣ ಫರಕು ಕೇಳೂದಿಲ್ಲ. ನೀವು ಕೇಳಿ. ನಾನು ತಿರುಗಿಸ್ತೆ. ಎಡವಿದಂಗೆ ಆದ್ರೆ ಕೈ ಎತ್ತಿ."

ಇದನ್ನು ಹೇಳುವಾಗ ಅವರು ಬಾನೆಟ್ಟಿನ ಕಡೆ ಮುಖ ತಿರುಗಿಸಿದ್ದರು. ಹಾಗೆ ಹೇಳಲು ಅವರಿಗೆಷ್ಟು ಕಷ್ಟವಾಯಿತೋ.

ಅವರು ಸ್ಕ್ರೂ ಒಳಕ್ಕೆ ತಿರುಗಿಸಿದರು. ಸದ್ದು ತೆಳುವಾಗಿ, ಒಂದು ಕಡೆ ಮುಗ್ಗರಿಸಿತು. ಕೈ ಎತ್ತಿದೆ. ಹೊರಕ್ಕೆ ತಿರುಗಿಸಿದರು. ಭಾರವಾಗಿ ಗುಡುಗುಡು ಎಂದಿತು. ಮತ್ತೆ ಎತ್ತಿದೆ. ಕಾಲು ಸುತ್ತು, ಅರ್ಧ ಕಾಲು ಸುತ್ತು. ಮೂರು ರವಿವಾರ ಹೀಗೇ ನಡೆಯಿತು. ನಡುವಿನ ದಿನಗಳಲ್ಲಿ ಓಡಿಸಿ ಪ್ಲಗ್ಗಿನ ಬಣ್ಣ ನೋಡುತ್ತಿದ್ದೆ. ಕೊನೆಗೆ ಅದು ಬಿಸ್ಕಿಟಿನ ಬಣ್ಣಕ್ಕೆ ಬಂತು, ಲೆಕ್ಕ ಸರಿಬಿದ್ದ ಗುರುತು. ಅಷ್ಟು ದಿನ ಶಾಲೆಯ ಹೊರಗೆ ನಾನು ಮಾತಾಡಿದ್ದು ಹೆಚ್ಚುಕಡಿಮೆ ಅವರ ಜೊತೆ ಮಾತ್ರ. ಅದರಲ್ಲಿಯೂ ಬಹುಪಾಲು ಕೈಸನ್ನೆ.

ಗೆಳತಿ ದೀಪಾವಳಿಗೆ ಬಂದಳು, ಒಂದೇ ದಿನಕ್ಕೆ. ಬಸ್‌ಸ್ಟ್ಯಾಂಡಿನಿಂದ ಕರೆತಂದೆ. ಕಾಳಿ ಸೇತುವೆಯ ಮೇಲೆ ಬೇಕೆಂದೇ ನಿಧಾನ ಮಾಡಿದೆ. ಎಂಜಿನ್ ಒಂದು ಸಲವೂ ತೊದಲಲಿಲ್ಲ. ಅವಳು ಹೊಸ ಮೊಬೈಲಿನಲ್ಲಿ ಗಂಡನಿಗೆ ಮುಟ್ಟಿದ ಸುದ್ದಿ ಹೇಳುತ್ತಿದ್ದಳು. ಮುಗಿಸಿ ಸೀಟು ತಟ್ಟಿದಳು.

"ಕಾರು ಮೊದ್ಲಿನ ಹಂಗೇ ಉಂಟಲ್ಲೇ!"

"ಹೌದು," ಅಂದೆ. ಅವಳು ಪ್ರೀತಿಯಿಂದಲೇ ಹೇಳಿದ್ದಳು. ಘಟ್ಟದಲ್ಲಿ ಕೂತಿದ್ದನ್ನೂ ಮೂರು ರವಿವಾರಗಳನ್ನೂ ಹೇಳಬೇಕೆಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮತ್ತೆ ಫೋನ್ ಬಂತು.

ಅವಳು ಹೋದ ಮೇಲಿನ ರವಿವಾರ, ರಿಪೇರಿಯೇನೂ ಇಲ್ಲದೆ ಅಂಕೋಲೆಗೆ ಹೋದೆ. ಮಿಸ್ತ್ರಿ ಯಾರದೋ ಹಳೇ ಜೀಪಿನ ಮೇಲೆ ಬಗ್ಗಿದ್ದರು.

"ಮತ್ತೆಂತ ಆಯ್ತು ಅಕ್ಕೋರೇ?"

"ಎಂತದೂ ಇಲ್ಲ. ಸುಮ್ಮನೆ ಬಂದೆ," ಎಂದು ಕೂಗಿ ಹೇಳಿದೆ.

ಅವರು ನನ್ನ ಮುಖ ನೋಡಿದರು. "ಹಂಗಾರೆ ಇತ್ಲಾಗಿ ಬನ್ನಿ. ಇದನ್ನೊಂದು ಕೇಳಿ ಹೇಳಿ."

ಜೀಪಿನ ಮಾಲೀಕ, ಸೀರೆಯುಟ್ಟ ಹೆಂಗಸೊಬ್ಬಳು ಎಂಜಿನ್‌ಗೆ ಕಿವಿಗೊಟ್ಟು ನಿಂತದ್ದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ನಾನು ಕಣ್ಣು ಮುಚ್ಚಿದೆ. ಮುಂದಿನ ಎರಡು ವರ್ಷ, ಮಿಸ್ತ್ರಿ ಗ್ಯಾರೇಜು ಮುಚ್ಚುವ ತನಕ, ತಿಂಗಳಿಗೊಮ್ಮೆಯಾದರೂ ಹೋದೆ. ಊಟದ ಹೊತ್ತಿಗೆ ಅಲ್ಲಿಂದ ಹೊರಟು, ಪಕ್ಕದ ಸೀಟಿನಲ್ಲಿ ಕೈಚೀಲ ಇಟ್ಟುಕೊಂಡು, ಚಿತ್ತಾಕುಲಕ್ಕೆ ಒಬ್ಬಳೇ ಮರಳುತ್ತಿದ್ದೆ.