ಕೊಕ್ಕರೆಯ ಹಿಂದೆ ನಿಂತವನು

ನಾನು ನಿಂತದ್ದು ಧನಿಗಳ ಬಂಗಲೆಯ ಮುಂದಿನ ಅಂಗಳದಲ್ಲಿ, ದಾಸವಾಳದ ಬೇಲಿಗೆ ಬೆನ್ನು ಹಾಕಿ, ಹಲಸಿನ ಮರದ ಬುಡದಿಂದ ನಾಲ್ಕು ಹೆಜ್ಜೆ ತೆಂಕಕ್ಕೆ. ಸ್ವಾತಂತ್ರ್ಯ ಬಂದ ನಾಲ್ಕನೆಯ ವರ್ಷ. ನವರಾತ್ರಿ ಕಳೆದು ಮೂರನೆಯ ದಿನ. ಒಳಗಿನ ಗೋಡೆ ಗಡಿಯಾರ ನಾಲ್ಕು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನನ್ನ ಮೈಮೇಲೆ ನೀಲಿ ಹಾಕಿ ಒಗೆದ ಬಿಳಿ ಅಂಗಿ, ಸೊಂಟಕ್ಕೆ ಬಿಳಿ ಮುಂಡು. ಬಟ್ಟೆಯ ಬಣ್ಣವನ್ನು ಇವನು ಯಾಕೆ ಹೇಳುತ್ತಿದ್ದಾನೆಂದು ನಿಮಗೆ ಅನ್ನಿಸಬಹುದು. ಹೇಳಬೇಕಾದದ್ದರಲ್ಲಿ ಅರ್ಧ ಅದೇ. ನನ್ನೆದುರು, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ಮಣ್ಣಿನ ಕುಂಡವೊಂದರಲ್ಲಿ ಹಸಿರು ಕೊಕ್ಕರೆ ಕತ್ತೆತ್ತಿ ನಿಂತಿತ್ತು.

ಕೊಕ್ಕರೆಯೆಂದರೆ ಹಕ್ಕಿಯಲ್ಲ, ಗಿಡ. ಉಪ್ಪಳದ ಹತ್ತಿರ ಮರದ ವ್ಯಾಪಾರ ಮಾಡುತ್ತಿದ್ದ ನಮ್ಮ ಧನಿಗಳು, ಕೊಡಗಿನ ಒಬ್ಬ ಬಿಳಿಯ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಅವನ ಬಂಗಲೆಯಿಂದ ಮೂರು ಕುಂಡ ತಂದಿದ್ದರು. ಬೆರಳ ಉಗುರಿನಷ್ಟು ಸಣ್ಣ, ದಪ್ಪ, ಹೊಳೆಯುವ ಎಲೆ. ಒತ್ತೊತ್ತಾಗಿ ಬೆಳೆದು ಕತ್ತರಿಗೆ ಒಗ್ಗುವ ಗಿಡ. ದೊರೆ ಅದನ್ನು ಬಾಕ್ಸ್ ಎನ್ನುತ್ತಿದ್ದನಂತೆ. ನಮ್ಮಲ್ಲಿ ಅದು ಬಾಕ್ಸ್ ಗಿಡವೇ ಆಯಿತು. ಒಂದು ಕುಂಡದಲ್ಲಿ ಚೆಂಡು, ಇನ್ನೊಂದರಲ್ಲಿ ಗೋಪುರ. ಮೂರನೆಯದು ಬರುವಾಗ ಬರಿಯ ಪೊದೆಯಾಗಿತ್ತು. ಅದನ್ನು ಕೊಕ್ಕರೆ ಮಾಡಿದವನು ತೋಟದ ಕೆಲಸದ ಐತಪ್ಪಣ್ಣ. ಒಂದೇ ಒಂದು ಕವಲನ್ನು ಮೇಲೆ ಬಿಟ್ಟು, ಬಿದಿರ ಸಲಾಕೆಗೆ ಬಾಳೆನಾರಿನಿಂದ ಕಟ್ಟಿ, ಮೂರು ಮಳೆಗಾಲ ಕಾದು ಅವನು ಅದರ ಕುತ್ತಿಗೆ ಬೆಳೆಸಿದ್ದ. ಬೆಳೆದದ್ದು ಒಂದು ಗೇಣು.

ನಮ್ಮ ಕಡಲ ಬದಿಯ ಸೆಕೆ ಆ ಗಿಡಕ್ಕೆ ಹೇಳಿದ್ದಲ್ಲ. ಐತಪ್ಪಣ್ಣ ಕುಂಡದ ತಳಕ್ಕೆ ಹೆಂಚಿನ ಚೂರು ಹರಡಿ, ಮುರಕಲ್ಲಿನ ಕೆಂಪು ಹುಳಿಮಣ್ಣಿಗೆ ಚಿಟಿಕೆ ಚಿಟಿಕೆಯಾಗಿ ಚಿಪ್ಪಿನ ಸುಣ್ಣ ಬೆರೆಸುತ್ತಿದ್ದ. ಆಟಿ ತಿಂಗಳ ಜಡಿಮಳೆಗೆ ಬೇರು ಕೊಳೆಯದಂತೆ ಕುಂಡಗಳನ್ನು ಹೆಂಚಿನ ಮಾಡಿನ ಕೆಳಗೆ ಎಳೆಯುತ್ತಿದ್ದ. ಬೇಸಗೆಯಲ್ಲಿ ಉಪ್ಪುಗಾಳಿ ಬೀಸಿದ ಮರುದಿನ ಎಲೆಗಳನ್ನು ಸಿಹಿನೀರಿನಿಂದ ತೊಳೆಯುತ್ತಿದ್ದ. ಹೊರಗಿನ ಎಲೆ ಮಾತ್ರ ಸವರಿದರೆ ಒಳಗೆ ಗಾಳಿಯಾಡದೆ ಬೂಸರು ಹಿಡಿಯುತ್ತದೆಂದು ಅಲ್ಲಲ್ಲಿ ಬೆರಳು ತೂರಿಸಿ ಒಂದೊಂದು ಕಡ್ಡಿ ಮುರಿದು ತೆಗೆಯುತ್ತಿದ್ದ. ಸುಡುಬಿಸಿಲಲ್ಲಂತೂ ಕತ್ತರಿ ಮುಟ್ಟುತ್ತಿರಲಿಲ್ಲ.

ಅವನ ಕೆಲಸದ ಒಂದು ಕ್ರಮ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಏಳರ ಎಳೆಬಿಸಿಲಿಗೆ ಅವನು ಕುಂಡವನ್ನು ಬಂಗಲೆಯ ಮೂಡು ಗೋಡೆಯ ಮುಂದೆ ಇಟ್ಟುಕೊಳ್ಳುತ್ತಿದ್ದ. ಸುಣ್ಣ ಬಳಿದ ಗೋಡೆಯ ಮೇಲೆ ಗಿಡದ ನೆರಳು ಕಪ್ಪಗೆ ಬೀಳುತ್ತಿತ್ತು. ಅವನ ಕೈ ಗಿಡದ ಮೇಲೆ, ಕಣ್ಣು ಗೋಡೆಯ ಮೇಲೆ. ನೆರಳಿನಲ್ಲಿ ಉಬ್ಬಿದ್ದನ್ನು ಗಿಡದಲ್ಲಿ ತೆಗೆಯುವನು, ಕುಂಡವನ್ನು ಕಾಲುಸುತ್ತು ತಿರುಗಿಸುವನು, ಮತ್ತೆ ನೆರಳು ನೋಡುವನು. ಇದೊಂದು ಜಾಣತನವೆಂದೇ ನಾನು ಮೆಚ್ಚಿಕೊಂಡಿದ್ದೆ. ಒಂದು ದಿನ, ಧನಿಗಳ ಲೆಕ್ಕ ಬರೆಯುವ ಗುಮಾಸ್ತನಾದ ನಾನು ಅವನ ಮುಂದೆಯೇ ನಿಂತಿದ್ದಾಗ ಅವನು, "ಕಮಲಾ, ಗುಮಾಸ್ತರು ಬಂದ್ರಾ?" ಎಂದು ಮಗಳನ್ನು ಕೇಳಿದ. ಆಗ ತಿಳಿಯಿತು. ಅವನ ಕಣ್ಣಿಗೆ ಹಾಲಿನಂಥ ಪರೆ ಬೆಳೆಯುತ್ತಿತ್ತು. ಬಿಳಿಯ ಮೇಲೆ ಕಪ್ಪಿದ್ದರೆ ಅಂಚು ಕಾಣುತ್ತಿತ್ತು, ಉಳಿದದ್ದೆಲ್ಲ ಮಂಜು.

ಕಮಲ ನನ್ನನ್ನು ಬಾವಿಯ ಬಳಿ ತಡೆದು ಹೇಳಿದಳು: "ಅಣ್ಣಾ, ಬಾಯಿ ಬಿಡ್ಬೇಡಿ. ಕಣ್ಣಿಲ್ಲ ಅಂತ ಗೊತ್ತಾದ್ರೆ ಅಪ್ಪನ ಕೈಯಿಂದ ಕತ್ತರಿ ತೆಗೀತಾರೆ. ಕತ್ತರಿ ಹೋದ್ರೆ ಅವರಿಗೆ ಮತ್ತೆಂತ ಉಂಟು?" ನಾನು ಬಾಯಿ ಬಿಡಲಿಲ್ಲ. ಸುಮ್ಮನಿರುವುದು ನನಗೆ ಯಾವತ್ತೂ ಸುಲಭವಾಗಿಯೇ ಬಂದದ್ದು.

ಆದರೆ ಧನಿಗಳ ಸೋದರಳಿಯ ಸದಾನಂದನಿಗೆ ಸಂಶಯ ಹತ್ತಿತು. ಐತಪ್ಪಣ್ಣ ಒಮ್ಮೆ ಕುಂಡದ ಪಕ್ಕದ ನೆಲಕ್ಕೆ ನೀರು ಹೊಯ್ದದ್ದನ್ನು ಅವನು ನೋಡಿದ್ದ. ಮಂಗಳೂರಿನಿಂದ ನೆಂಟರು ಬಂದ ಆ ಸಂಜೆ, ಅವರು ಕೊಕ್ಕರೆಯನ್ನು ಹೊಗಳುತ್ತಿದ್ದಾಗ ಅವನು ನಗುತ್ತ ಹೇಳಿದ: "ಮಾವ, ಇವ ಕಣ್ಣು ಮುಚ್ಚಿ ಮಾಡುವ ಕೆಲಸ ಇದು. ಬೇಕಾದ್ರೆ ಇಲ್ಲಿ ಅಂಗಳದಲ್ಲಿಯೇ ಮಾಡಿ ತೋರಿಸಲಿ."

ಧನಿಗಳು ಕುರ್ಚಿಯಿಂದ ಕರೆದರು. "ಎಂತ ಐತಪ್ಪ, ಆಗ್ತದಾ?"

"ಆಗ್ತದೆ ಧನಿ. ನಾಳೆ ಬೆಳಿಗ್ಗೆ ಮಾಡಿದ್ರೆ ಗಿಡಕ್ಕೆ ಒಳ್ಳೆಯದಿತ್ತು."

"ಗಿಡಕ್ಕಾ, ನಿನಗಾ?" ಎಂದ ಸದಾನಂದ.

ನಾನೂ ಕಮಲಳೂ ಕುಂಡವನ್ನು ಹಿಡಿದು ಅಂಗಳಕ್ಕೆ ತಂದೆವು. ಬಿಸಿಲು ಬಂಗಲೆಯ ಆಚೆ ಬದಿಗೆ ಹೋಗಿತ್ತು; ಮರದಡಿಯಲ್ಲಿ ಗಿಡದ ನೆರಳು ಬೀಳುವ ಮಾತೇ ಇಲ್ಲ. ಹಿಂದೆ ಗೋಡೆಯಿಲ್ಲ, ಕಡುಹಸಿರಿನ ಬೇಲಿ. ಹಸಿರಿನ ಮುಂದೆ ಹಸಿರು. ಕುಂಡ ಇಳಿಸುವಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣಾ, ನೀವು ಇಲ್ಲಿಯೇ ನಿಲ್ಲಿ. ಅಲುಗಬೇಡಿ." ನನ್ನ ಅಂಗಿಯನ್ನು ನೋಡಿ ಹೇಳಿದಳು. ನನಗೆ ಅರ್ಥವಾಯಿತು. ಅವಳು ಎರಡು ಮಾರು ದೂರ ಹೋಗಿ ಪೊರಕೆ ಹಿಡಿದು ನಿಂತಳು.

ಐತಪ್ಪಣ್ಣ ಕುಂಡದ ಸುತ್ತ ಒಮ್ಮೆ ಕೈಯಾಡಿಸಿದ. ತಲೆಯನ್ನು ಸ್ವಲ್ಪ ಓರೆ ಮಾಡಿ, ಗಿಡದ ಆಚೆ ನನ್ನ ಎದೆಯ ಕಡೆ ನೋಡಿದ. ಮುಖ ಸಡಿಲಾಯಿತು. ಕತ್ತರಿ ಶುರುವಾಯಿತು. ಬಾಲ, ಬೆನ್ನು, ಹೊಟ್ಟೆಯ ಬಾಗು. ಉದುರಿದ ಎಲೆ ನನ್ನ ಪಾದದ ಮೇಲೆ ಬೀಳುತ್ತಿತ್ತು. ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ, ಅಂಗಿ ಅಲುಗದ ಹಾಗೆ. ಒಂದು ವಸ್ತು ಕಾಣಬೇಕಾದರೆ ಅದರ ಹಿಂದೆ ಅದಲ್ಲದ್ದೊಂದು ಇರಬೇಕು. ನಾವು ನೋಡುವಾಗ ಆ ಹಿಂದಿನದನ್ನು ನೆನೆಯುವವರು ಯಾರು? ಇದನ್ನು ನಾನು ಈಗ ಯೋಚಿಸುತ್ತಿದ್ದೇನೆ. ಆಗ ಯೋಚಿಸಿದ್ದು ಇಷ್ಟೇ: ಇನ್ನು ಕುತ್ತಿಗೆಯೊಂದು ಮುಗಿದರೆ ಸಾಕು.

ಕತ್ತರಿ ಕುತ್ತಿಗೆಯ ಬುಡಕ್ಕೆ ಬಂದಾಗ ಸದಾನಂದ ಕೂಗಿದ: "ಗುಮಾಸ್ತರೇ, ಎಂತ ಮಾರಾಯ್ರೆ ಅದು ಕಂಬದ ಹಾಗೆ ನಿಂತದ್ದು? ನೆಂಟರಿಗೆ ಗಿಡ ಕಾಣಬೇಕಾ, ನಿಮ್ಮ ಹೊಟ್ಟೆ ಕಾಣಬೇಕಾ? ಸರಿಯಿರಿ."

ನೆಂಟರು ನಕ್ಕರು. ನಾನು ಸರಿದೆ.

ಒಂದು ಹೆಜ್ಜೆ ಬಲಕ್ಕೆ. ಬೇಕೆಂದು ಇಟ್ಟದ್ದಲ್ಲ, ಕಾಲು ತಾನಾಗಿ ಹೋಯಿತು, ಹನ್ನೊಂದು ವರ್ಷದಿಂದ ಆ ಮನೆಯವರ ದನಿಗೆ ಓಗೊಟ್ಟು ಅಭ್ಯಾಸವಾದ ಕಾಲು. ಕತ್ತರಿಯ ಬಾಯಿ ಆಗಲೇ ತೆರೆದಿತ್ತು. ಐತಪ್ಪಣ್ಣನ ಮುಖದಲ್ಲಿ ಏನೋ ಆರಿದಂತಾದದ್ದನ್ನು ನಾನು ಕಂಡೆ. ಕತ್ತರಿಯ ಬಾಯಿ ಮುಚ್ಚಿತು. ಸಣ್ಣ ಸದ್ದು. ಕೊಕ್ಕರೆಯ ತಲೆ, ಕುತ್ತಿಗೆ, ಕಟ್ಟಿದ್ದ ಸಲಾಕೆಯ ಸಮೇತ, ಮಣ್ಣಿಗೆ ಬಿತ್ತು.

ಐತಪ್ಪಣ್ಣನ ಎಡಗೈ ಮೇಲೆ ಹೋಗಿ ಕುತ್ತಿಗೆಯಿದ್ದ ಜಾಗದಲ್ಲಿ ಗಾಳಿಯನ್ನು ಹಿಡಿಯಿತು. ಒಂದು ಗಳಿಗೆ ಅಲ್ಲಿಯೇ ನಿಂತಿತು. ಆಮೇಲೆ ಕೆಳಗಿಳಿದು ಉಳಿದ ಮೊಂಡನ್ನು ತಡವಿತು. ಅವನು ಕೆಲಸ ನಿಲ್ಲಿಸಲಿಲ್ಲ. ಬೆರಳನ್ನು ಮುಂದೆ ಬಿಟ್ಟು ಕತ್ತರಿಯನ್ನು ಹಿಂದೆ ತರುತ್ತ, ಬಾಲವನ್ನು ಗಿಡ್ಡ ಮಾಡಿದ, ಎದೆಯನ್ನು ದುಂಡಗೆ ಮಾಡಿದ, ಮೊಂಡಿನ ಸುತ್ತ ಎಲೆಯ ಸಣ್ಣ ಗುಪ್ಪೆ ಬಿಟ್ಟ. ಎರಡು ಸಲ ಕತ್ತರಿ ಬೆರಳಿಗೆ ತಾಗಿತು. ರಕ್ತವನ್ನು ಮುಂಡಿಗೆ ಒರಸಿಕೊಂಡ.

"ಇದೆಂತದು ಈಗ?" ಎಂದು ಧನಿಗಳು ಕೇಳಿದರು.

"ಕಾವಿಗೆ ಕೂತ ಹೇಂಟೆ, ಧನಿ."

ನೆಂಟರ ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು. ಕೊಕ್ಕರೆಗಿಂತ ಇದೇ ಚಂದ ಎಂದರು. ನಿಜಕ್ಕೂ ಅದು ಕೋಳಿಯಾಗಿಯೇ ಕೂತಿತ್ತು. ಧನಿಗಳು ಮಾತ್ರ ನಗಲಿಲ್ಲ. ಎದ್ದು ಬಂದು, ಬಿದ್ದ ಕುತ್ತಿಗೆಯನ್ನು ಹೆಕ್ಕಿ ಐತಪ್ಪಣ್ಣನ ಮುಖದ ಹತ್ತಿರ ಹಿಡಿದರು. ಅವನ ಕಣ್ಣು ಅದರತ್ತ ತಿರುಗಲಿಲ್ಲ. "ತೋಟದ ಗುಡಿಸಲಲ್ಲೇ ಇರು, ಐತಪ್ಪ. ನೀರು ಹೊಯ್ದುಕೊಂಡಿರು," ಎಂದರು ಮೆಲ್ಲಗೆ. "ಕತ್ತರಿ ಒಳಗೆ ಕೊಡು." ಅವನು ಎಂದಿನಂತೆ ಕತ್ತರಿಗೆ ತೆಂಗಿನೆಣ್ಣೆ ಸವರಿ, ಹಿಡಿಯನ್ನು ಮುಂದೆ ಮಾಡಿ ಕೊಟ್ಟ.

ಕುಂಡ ಎತ್ತಿಡುವಾಗ ನನಗೆ ಮಾತ್ರ ಕೇಳುವಂತೆ ಅವನು ಹೇಳಿದ: "ನೀವು ಅಲ್ಲಿ ಉಂಟಲ್ಲ, ಗೋಡೆ ಉಂಟು ಅಂತ ಎಣಿಸಿದ್ದೆ." ಬೈದದ್ದಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ.

ಅವನ ಜಾಗಕ್ಕೆ ಬಂದ ಹೊಸಬ ನಡುಹಗಲಲ್ಲಿ ಕತ್ತರಿಸಿದ. ಚೆಂಡು ಸುಟ್ಟು ಕಂದಿತು. ಗೋಪುರವನ್ನು ಆಟಿಯ ಮಳೆ ಕೊಳೆಸಿತು. ಐತಪ್ಪಣ್ಣ ತೀರಿಕೊಂಡ ವರ್ಷ ಕಮಲ ಧನಿಗಳನ್ನು ಕೇಳಿ ಹೇಂಟೆಯ ಕುಂಡವನ್ನು ಬಂದ್ಯೋಡಿನ ತನ್ನ ಗಂಡನ ಮನೆಗೆ ಒಯ್ದಳು. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಕುಂಡ ಸುಣ್ಣದ ಗೋಡೆಯ ಮುಂದೆ ಇದೆ. ಬೆನ್ನಿನಿಂದ ಒಂದು ಕವಲು ಮೇಲೆದ್ದಿದೆ. ಅವಳು ಅದನ್ನು ಸವರಿಲ್ಲ, ಸಲಾಕೆಗೆ ಕಟ್ಟಿದ್ದಾಳೆ.

ಅಂದು ಅಂಗಳದಲ್ಲಿದ್ದವರಲ್ಲಿ ಧನಿಗಳು ಈಗಿಲ್ಲ. ನೆಂಟರ ವಿಳಾಸ ನನಗೆ ಗೊತ್ತಿಲ್ಲ. ಸದಾನಂದ ಇದ್ದಾನೆ, ಯಾವ ಕೊಕ್ಕರೆ ಎಂದು ಕೇಳುತ್ತಾನೆ. ಎಲ್ಲವನ್ನೂ ಕಂಡು, ನೆನಪಿಟ್ಟುಕೊಂಡು ಬದುಕಿರುವವಳು ಕಮಲ ಒಬ್ಬಳೇ. ಈ ಬರಹವನ್ನು ಅವಳಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, ಒಂದೇ ಕಡೆ ತಿದ್ದಿದಳು.

"ಒಂದು ಹೆಜ್ಜೆ ಅಲ್ಲ ಅಣ್ಣಾ, ಎರಡು. ಮೊದಲನೆಯದರಲ್ಲಿ ಗಿಡದ ಹಿಂದೆ ನಿಮ್ಮ ಅಂಗಿ ಅರ್ಧ ಇತ್ತು. ಅಪ್ಪ ಕತ್ತರಿ ಹಿಡಿದು ಕಾದ್ರು. ಆಮೇಲೆ ನೀವು ಇನ್ನೊಂದು ಇಟ್ರಿ."